ಸೀಸೆಯ ಮೇಲಿನ ಜಡೆ

ಹಂಪಿಯ ಬಂಡೆಗೆ ಒಮ್ಮೆ ಕೂದಲು ಬಂದಿತ್ತು. ಬರಿಸಿದವನು ನಾನು.

ಹೇಮಕೂಟದ ಇಳಿಜಾರಿನಲ್ಲಿ ನನ್ನ ಮೊಪೆಡ್ ಜಾರಿತು, ಪಂಪಾವೇಣಿ ತೈಲದ ಸೀಸೆಯೊಂದು ಒಡೆಯಿತು, ಆನೆ ಗಾತ್ರದ ಬಂಡೆಯೊಂದರ ನೆತ್ತಿಗೆ ನಾಲ್ಕೇ ಹನಿ ಸಿಡಿದವು. ಬೆಳಗಾಗುವಷ್ಟರಲ್ಲಿ ಬಂಡೆಯ ತುಂಬ ಕರ್ರಗೆ, ಒತ್ತಾಗಿ, ಹೊಳೆಯ ನೀರಿನ ತನಕ ಇಳಿಬಿದ್ದ ಕೂದಲು. ಮೇಯಲು ಬಂದ ಮೇಕೆಗಳು ಅದರೊಳಗೆ ಹೊಕ್ಕು ದಾರಿ ತಪ್ಪಿದವು. ಫಾರಿನ್ನಿನವರು ಬಂಡೆಗೆ ಬೈತಲೆ ತೆಗೆದು, ಎರಡು ಜಡೆ ಹಾಕಿ, ಪಕ್ಕದಲ್ಲಿ ನಿಂತು ಫೋಟೊ ಹೊಡೆಸಿಕೊಂಡರು. ಕೊನೆಗೆ ಕಮಲಾಪುರದಿಂದ ಕ್ಷೌರಿಕರ ಒಂದು ಲಾರಿಯನ್ನೇ ಕರೆಸಿ ಬೋಳಿಸಬೇಕಾಯಿತು. ಹಂಪಿಯ ಬಂಡೆಗಳು ಅಷ್ಟು ನುಣ್ಣಗಿರುವುದು ಅದಕ್ಕೇ. ನಂಬದವರು ಹೋಗಿ ಸವರಿ ನೋಡಬಹುದು.

ನಿನ್ನ ತಲೆಯೇಕೆ ಬೋಳು ಎಂದು ಕೇಳುವವರು ಇದ್ದಾರೆ. ಊರಿಗೆಲ್ಲ ಉಣಬಡಿಸುವವನು ತಾನು ಮೊದಲ ಪಂಕ್ತಿಯಲ್ಲಿ ಕೂರುತ್ತಾನೇನು?

ನಾನು ಯಲ್ಲೇಶ್, ಹೊಸಪೇಟೆಯ ಚಿತ್ತವಾಡ್ಗಿಯವನು. ಕಸುಬು ಎರಡು, ಮೊಪೆಡ್ ಒಂದೇ. ಎಡಗಡೆಯ ಚೀಲದಲ್ಲಿ ಸ್ಟೀಲಿನ ಬೋಗುಣಿ, ಡಬ್ಬಿ, ಚಮಚ. ಬಲಗಡೆಯ ಚೀಲದಲ್ಲಿ ಎಣ್ಣೆ. ಕಂಪ್ಲಿ, ಸಂಡೂರು, ತೋರಣಗಲ್ಲು, ಚೋರನೂರು ಎಂದು ಓಣಿ ಓಣಿ ತಿರುಗಿ "ಕೂದ್ಲಾ, ತಲಿಕೂದ್ಲಾ" ಎಂದು ಕೂಗುತ್ತೇನೆ. ನಮ್ಮ ಕಡೆಯ ಹೆಂಗಸರು ಬಾಚಣಿಗೆಗೆ ಬಂದ ಕೂದಲನ್ನು ಎಸೆಯುವುದಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಸಂದಿನಲ್ಲೋ ಜಂತಿಯ ಕೆಳಗೋ ಸಿಕ್ಕಿಸಿ ಇಡುತ್ತಾರೆ. ಉಂಡೆಗಳೆಲ್ಲ ಸೇರಿ ಒಂದು ಹಿಡಿಯಾದಾಗ ನನಗೆ ಕೊಟ್ಟು ಒಂದು ಬೋಗುಣಿ ತೆಗೆದುಕೊಳ್ಳುತ್ತಾರೆ. ಆ ಕೂದಲು ಕೊಪ್ಪಳದ ಕಡೆಯ ಗೋದಾಮು ಸೇರಿ, ಸಿಕ್ಕು ಬಿಡಿಸಿಕೊಂಡು, ತೊಳೆಸಿಕೊಂಡು, ವಿಗ್ ಆಗಿ, ಚೌರಿಯಾಗಿ ಹಡಗು ಹತ್ತುತ್ತದೆ. ಯುರೋಪಿನ ಅರ್ಧ ಹೆಂಗಸರ ತಲೆಯ ಮೇಲೆ ಇಂದು ಕಂಪ್ಲಿಯ ಹೇನುಗಳ ಮೊಮ್ಮಕ್ಕಳು ಓಡಾಡುತ್ತಿದ್ದರೆ ಅದು ನನ್ನ ಕೃಪೆ.

ಇನ್ನು ಎಣ್ಣೆ. ಯಾರ ಕೂದಲು ಉದುರುತ್ತಿದೆ ಎಂದು ತಿಳಿಯಲು ಮುಂಬೈಯ ದೊಡ್ಡ ಕಂಪನಿಗಳು ಟೈ ಕಟ್ಟಿದವರನ್ನು ಮನೆಮನೆಗೆ ಅಟ್ಟುತ್ತವೆ. ನನಗೆ ಗೋಡೆಯ ಸಂದೇ ಹೇಳುತ್ತದೆ. ಹೋದ ಸಲ ನಿಂಬೆಯಷ್ಟಿದ್ದ ಉಂಡೆ ಈ ಸಲ ತೆಂಗಿನಕಾಯಿಯಷ್ಟಾಗಿದ್ದರೆ ಆ ಮನೆಯಲ್ಲಿ ಒಂದು ತಲೆ ಅಳುತ್ತಿದೆ ಎಂದು ಅರ್ಥ. ಎಡಚೀಲಕ್ಕೆ ಕೂದಲು ಇಳಿಸಿಕೊಂಡು ಬಲಚೀಲದಿಂದ ಸೀಸೆ ತೆಗೆಯುವುದಕ್ಕೆ ನನಗೆ ಉಸಿರೆಳೆಯುವಷ್ಟೂ ಹೊತ್ತು ಬೇಕಿಲ್ಲ.

ಹಾಗೆಂದು ಕಂಡಕಂಡವರಿಗೆಲ್ಲ ಮಾರುವವನಲ್ಲ ನಾನು. ಮೊದಲು ಕೇಳುತ್ತೇನೆ: "ಮನ್ಯಾಗ ಯಾರಾರ ಹಡದಾರೇನ್ರಿ? ಯಾರಿಗಾರ ಜ್ವರ ಬಂದು ಹೋಗ್ಯಾವೇನ್ರಿ?" ಹೌದು ಎಂದರೆ ಸೀಸೆ. ಇಲ್ಲ ಎಂದರೆ, "ನಿಮ್ಮ ತಲಿ ಪ್ರಕೃತಿ ಬ್ಯಾರೆ ಐತ್ರಿ ಅಕ್ಕಾರ, ನಿಮ್ಮ ರೊಕ್ಕ ನನಗ ಬ್ಯಾಡ" ಎಂದು ಕೈಮುಗಿದು ಮುಂದಿನ ಮನೆಗೆ ನಡೆಯುತ್ತೇನೆ. ಇದರಿಂದ ನನಗೆ ಬಂದ ಹೆಸರು ಅಷ್ಟಿಷ್ಟಲ್ಲ. ಕೂದಲಿನವನಷ್ಟು ಪ್ರಾಮಾಣಿಕ ಈ ಸೀಮೆಯಲ್ಲೇ ಇಲ್ಲ ಎಂದು ಜನ ಆಡಿಕೊಂಡರು. ಎಣ್ಣೆ ಕೊಂಡ ಮನೆಗಳಲ್ಲಿ ನಾಲ್ಕೈದು ತಿಂಗಳಿಗೆ ಉಂಡೆ ಮತ್ತೆ ನಿಂಬೆಕಾಯಿಗೆ ಇಳಿಯುತ್ತಿತ್ತು. ಬಾಣಂತಿಯರ ಹಣೆಯ ಅಂಚಿನಲ್ಲಿ ಸಣ್ಣ ಕೂದಲು ಹುಲ್ಲಿನಂತೆ ಏಳುತ್ತಿತ್ತು. ಚೋರನೂರಿನಲ್ಲಂತೂ ಸೋತ ತಲೆಯೇ ಇರಲಿಲ್ಲ.

ಎಣ್ಣೆ ತಯಾರಾಗುವುದು ಹೊಸಪೇಟೆಯಲ್ಲಿ, ನನ್ನ ಸೋದರಮಾವ ತೋಟಪ್ಪನ ಶೆಡ್ಡಿನಲ್ಲಿ. ಅರವತ್ನಾಲ್ಕು ಗಿಡಮೂಲಿಕೆ. ಅರವತ್ಮೂರನ್ನು ಸಂಡೂರಿನ ಗುಡ್ಡದಲ್ಲಿ ಹುಲಿಗಳ ಬಾಯಿಂದ ಕಿತ್ತು ತರುತ್ತೇವೆ. ಅರವತ್ನಾಲ್ಕನೆಯದರ ಹೆಸರು ಹೇಳಿದರೆ ನಾಲಿಗೆಯ ಮೇಲೂ ಕೂದಲು ಬರುತ್ತದೆ. ಒಂದೇ ಡ್ರಮ್ಮಿನಿಂದ ಮಾವ ಮೂರು ಬಗೆಯ ಸೀಸೆ ತುಂಬುತ್ತಾನೆ. ಹಸಿರು ಬಣ್ಣ ಹಾಕಿದರೆ ಕೂದಲಿನದು, ಬಣ್ಣವಿಲ್ಲದಿದ್ದರೆ ಕೂಸಿನ ಮೈಗೆ ಹಚ್ಚುವುದು, ಕರ್ಪೂರದ ವಾಸನೆ ಕೂಡಿಸಿದರೆ ಮಂಡಿನೋವಿನದು. ಎಣ್ಣೆಯ ಮಹಿಮೆ ನೋಡಿ, ತಾನು ಯಾವ ಸೀಸೆಯಲ್ಲಿದ್ದೇನೆ ಎಂಬುದು ಅದಕ್ಕೇ ತಿಳಿಯುತ್ತದೆ. ಕೂದಲಿನ ಸೀಸೆಯ ಚೀಟಿಯ ತಳದಲ್ಲಿ ಇರುವೆಯೂ ಕನ್ನಡಕ ಹಾಕಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಬಹುದು ಎಂದು ಅಚ್ಚಾಗಿದೆ.

"ಎಲ್ಲಾದಕ್ಕಿಂತ ತುಟ್ಟಿ ಮೂಲಿಕಿ ಇದಾ ನೋಡಲೇ," ಎನ್ನುತ್ತಾನೆ ಮಾವ ಆ ಸಾಲಿನ ಮೇಲೆ ಬೆರಳಿಟ್ಟು.

ಸೀಸೆಯ ಚೀಟಿಯ ಮೇಲೆ ಎರಡು ಚಿತ್ರ. ಮೊದಲಿನದರಲ್ಲಿ ಬೆನ್ನು ತಿರುಗಿಸಿ ನಿಂತ ಹೆಂಗಸು, ಇಲಿಬಾಲದಂಥ ಜಡೆ. ಎರಡನೆಯದರಲ್ಲಿ ಅದೇ ಬೆನ್ನು, ಅದೇ ನೀಲಿ ಸೀರೆ, ಮೊಣಕಾಲು ದಾಟಿದ ಜಡೆ. ಮೊದಲನೆಯ ಬೆನ್ನು ಟೈಫಾಯ್ಡ್ ಆಗಿ ಎದ್ದಿದ್ದ ಕಂಪ್ಲಿಯ ಹೊನ್ನೂರಮ್ಮನದು, ಎರಡನೆಯದು ಚೋರನೂರಿನ ಭುವನೇಶ್ವರಿಯದು. ಹಿಂದಿನಿಂದ ನೋಡಿದರೆ ಲೋಕದ ಹೆಂಗಸರೆಲ್ಲ ಅಕ್ಕತಂಗಿಯರೇ.

ಕಥೆ ಇರುವುದು ಈ ಭುವನೇಶ್ವರಿಯದು. ಸಂಗಮ್ಮ ಎಂಬ ಹೆಂಗಸಿನ ಒಬ್ಬಳೇ ಮಗಳು. ತೋರಣಗಲ್ಲಿನ ಕಾರ್ಖಾನೆಯ ಆಫೀಸು ಕಟ್ಟಡದಲ್ಲಿ ಕಂತ್ರಾಟಿನ ಮೇಲೆ ನೆಲ ಒರೆಸುವ ಕೆಲಸ. ಶಿಫ್ಟಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಅದಿರು ದೂಳಿಗೆ ಜಡೆ ಕೆಂಪಾಗದಿರಲೆಂದು ಅದನ್ನು ಮಡಿಚಿ ಊಟದ ಚೀಲದೊಳಗೆ ಇಟ್ಟುಕೊಳ್ಳುತ್ತಿದ್ದಳು. ಅಂಥ ಜಡೆ. ಹಂಪಿಯಲ್ಲಿ ಒಂದು ಕಲ್ಲುಕಂಬದ ಪಕ್ಕ ನಿಲ್ಲಿಸಿ ಫೋಟೊ ಹೊಡೆಸಿದೆ; ಆ ನೀಲಿ ಸೀರೆಯನ್ನು ಅವಳಿಗೇ ಬಿಟ್ಟೆ. ಆ ಜಡೆ ಬೆಳೆದದ್ದು ನನ್ನ ಎಣ್ಣೆಯಿಂದಲೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಫೋಟೊ ಅಚ್ಚಾದ ಮೇಲೆ ಅವಳ ನಡಿಗೆಯೇ ಬದಲಾಯಿತು. ಬಸ್ಸಿನಲ್ಲಿ, ಕಾರ್ಖಾನೆಯ ಗೇಟಿನಲ್ಲಿ, ಸಂಡೂರಿನ ಸಂತೆಯಲ್ಲಿ ಹೆಂಗಸರು ಅವಳ ಜಡೆ ಮುಟ್ಟಿ ನೋಡುವರು. "ಖರೇನ ಇದಾ ಎಣ್ಣಿನಾ?" ಎಂದರೆ, "ನೋಡ್ರಿ ನೀವಾ," ಎಂದು ಬೆನ್ನು ತಿರುಗಿಸುವಳು. ಅವಳು ತಿರುಗಿದಷ್ಟು ಸಲ ನನ್ನ ಬಲಚೀಲ ಹಗುರಾಯಿತು.

ಒಂದು ಸಲ ಚೋರನೂರಿಗೆ ಹೋದಾಗ ಸಂಗಮ್ಮನ ಗೋಡೆಯ ಸಂದಿನಿಂದ ಬಂದ ಉಂಡೆ ನನ್ನ ಎರಡು ಅಂಗೈಯಲ್ಲಿ ಹಿಡಿಸಲಿಲ್ಲ. ಒಂದು ಎಳೆ ಹಿಡಿದು ಎಳೆದೆ. ಎಳೆದಷ್ಟೂ ಬಂತು. ಆ ಊರಿನಲ್ಲಿ ಅಷ್ಟುದ್ದದ ಕೂದಲು ಇದ್ದದ್ದು ಒಂದೇ ತಲೆಯಲ್ಲಿ. ತುದಿಯಲ್ಲಿ ಬಿಳಿಯ ಬೇರು. ಕತ್ತರಿಸಿದ್ದಲ್ಲ, ಬುಡಸಮೇತ ಬಂದದ್ದು.

"ಏನವ್ವ ಇದು, ಸಂಗಮ್ಮಕ್ಕ?"

"ಏನು ಹೇಳ್ಲಿ ಯಪ್ಪಾ. ನಮ್ಮ ಭುವಿಗೆ ಸುಸ್ತು, ನಿದ್ದಿ, ಕೂದ್ಲು ಹಿಡಿ ಹಿಡಿ ಬರಾಕತ್ತಾವ. ಸಂಡೂರಾಗ ಡಾಕ್ಟರಮ್ಮ ರಕ್ತ ತೆಗದು ಥೈರಾಯ್ಡ್ ಅಂದ್ಲು. ಬೆಳಿಗ್ಗೆ ಚಾ ಕುಡಿಯೋಕಿಂತ ಮೊದ್ಲು ಒಂದು ಗುಳಿಗಿ. ಬಿಡಂಗಿಲ್ಲಂತ. ಹುಷಾರಾದಂಗ ಕೂದ್ಲೂ ನಿಲ್ತಾವ, ಆದ್ರ ತಿಂಗಳುಗಟ್ಟಲೆ ಹಿಡೀತೈತಿ ಅಂದ್ಲು."

ಭುವನೇಶ್ವರಿ ಒಳಗಿನಿಂದ ಬಂದಳು. ಜಡೆ ಇನ್ನೂ ಉದ್ದವೇ ಇತ್ತು, ಆದರೆ ಹಗ್ಗ ಹುರಿಯಾಗಿತ್ತು. "ಅಣ್ಣ, ಈ ಮೂರು ವಾರದಿಂದ ಗುಳಿಗಿ ನುಂಗಾಕತ್ತೀನಿ. ಒಂದು ಎಳಿನೂ ನಿಂತಿಲ್ಲ. ಗೇಟಿನಾಗ ಎಲ್ಲಾರೂ ನನ್ನ ಹಿಂದ ನೋಡಾಕತ್ಯಾರ. ನಾ ಎಷ್ಟು ಮಂದಿಗೆ ಹೇಳೀನಿ ಈ ಎಣ್ಣಿ ಬಗ್ಗೆ."

ಅವಳು ಹೆದರಿದ್ದು ಗೇಟಿನ ಹೆಂಗಸರಿಗೆ. ನಾನು ಹೆದರಿದ್ದು ಸೀಸೆಯ ಚೀಟಿಗೆ. ಎಣ್ಣೆ ಮಾರುವವರ ಬಾಯಲ್ಲಿ ಸದಾ ಸಿದ್ಧವಾಗಿರುವ ಒಂದು ಮಾತಿದೆ, ಮನೆಗೆ ಹಿತ್ತಲ ಬಾಗಿಲು ಇದ್ದಹಾಗೆ. ಕೂದಲು ಬಾರದಿದ್ದರೆ ಆ ಬಾಗಿಲಿನಿಂದ ಪಾರಾಗಬಹುದು. ಅದನ್ನು ನಾನು ಸಾವಿರ ತಲೆಗಳಿಗೆ ಹೇಳಿದ್ದೆ, ಅಭ್ಯಾಸಬಲದಿಂದ ಇವಳಿಗೂ ಹೇಳಿದೆ.

"ಗುಳಿಗಿ ಉಷ್ಣ, ಎಣ್ಣಿ ತಂಪು. ಎರಡೂ ಒಂದಾ ತಲಿಯೊಳಗ ಸೇರಿದ್ರ ಜಗಳಾಡ್ತಾವ ತಂಗಿ. ಒಂದನ್ನ ಬಿಡಬೇಕು."

"ಯಾವುದು ಬಿಡ್ಲಿ?"

"ನಿನ್ನ ಫೋಟೊ ಯಾವುದರ ಮ್ಯಾಲ ಐತಿ?"

ಭುವನೇಶ್ವರಿ ನಕ್ಕಳು. ಸಂಗಮ್ಮ ನಗಲಿಲ್ಲ. "ಡಾಕ್ಟರಮ್ಮ ಬಿಡಬ್ಯಾಡ ಅಂದಾಳಪ್ಪ," ಎಂದಳು.

"ಡಾಕ್ಟರಮ್ಮನ ಜಡಿ ನೋಡಿಯೇನಕ್ಕ? ಇಷ್ಟಗಲ," ಎಂದು ಕಿರುಬೆರಳು ತೋರಿಸಿದೆ. ಆ ಡಾಕ್ಟರಮ್ಮನನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಅಕ್ಕಪಕ್ಕದ ಮನೆಗಳಿಂದ ಇಣುಕಿದ್ದ ಹೆಂಗಸರು, ನಾನು ಬೆಳೆಸಿಕೊಟ್ಟ ತಲೆಗಳೆಲ್ಲ, ಕಿಲಕಿಲ ನಕ್ಕರು. ಆ ನಗೆ ಡಾಕ್ಟರಮ್ಮನನ್ನು ಸೋಲಿಸಿತು. ಹೋಗುವಾಗ ಎರಡು ಸೀಸೆ ಪುಕ್ಕಟೆ ಕೊಟ್ಟೆ. ಕರ್ಣನೂ ನನ್ನಷ್ಟು ಕೊಟ್ಟಿರಲಾರ.

ಆಮೇಲೆ ಕೆಲವು ತಿಂಗಳು ಕಂಪ್ಲಿಯ ಕಡೆಯೇ ತಿರುಗಿದೆ. ಅಲ್ಲಿ ಗದ್ದೆ ಬಯಲಿನ ಊರುಗಳಲ್ಲಿ ಡೆಂಗಿ ಜ್ವರ ಬಂದು ಹೋಗಿತ್ತು. ಜ್ವರ ಹೋದ ಊರು ಎಂದರೆ ನನಗೆ ಹದವಾದ ಹೊಲ. ಅಲ್ಲಿ ನಾನು ಮಾರಿದ ಎಣ್ಣೆಯನ್ನು ಹರಿಯಬಿಟ್ಟಿದ್ದರೆ ಗದ್ದೆಗೆ ನೀರುಣಿಸುವ ದೊಡ್ಡ ಕಾಲುವೆಯೇ ಒಡೆಯುತ್ತಿತ್ತು. ಚೋರನೂರು ನೆನಪಾಗಲಿಲ್ಲ ಎಂದಲ್ಲ. ನೆನಪಾದಾಗಲೆಲ್ಲ ಕಂಪ್ಲಿಯಲ್ಲಿ ಇನ್ನೊಂದು ಓಣಿ ಉಳಿದಿರುತ್ತಿತ್ತು.

ಬಿರುಬೇಸಿಗೆಯಲ್ಲಿ ತೋಟಪ್ಪಮಾವ ಕರೆಸಿದ. ಕಾಗದದ ಚೀಟಿ ನೋಡಿ ಕೊಳ್ಳುವ ಕಾಲ ಹೋಯಿತು, ಈಗ ಮೊಬೈಲಿನಲ್ಲಿ ರೀಲ್ಸ್ ಬಿಡಬೇಕು, ಸೀಸೆಯ ಮೇಲಿನ ಹುಡುಗಿಯನ್ನೇ ಕರೆದುಕೊಂಡು ಬಾ ಎಂದ. ಹಳೆಯ ಫೋಟೊ ಸಾಕು ಎಂದೆ. "ಸೀಸೆ ಮ್ಯಾಲಿನ ಹುಡುಗಿ ಮಾತಾಡಿದ್ರ ಮಂದಿ ನಂಬ್ತಾರಲೇ," ಎಂದು ಬೈದ. ಹೋದೆ.

ಚೋರನೂರಿನಲ್ಲಿ ಆ ಹೊತ್ತು ಕಾಗೆಗಳು ಹಾರುತ್ತ ಹಾರುತ್ತಲೇ ಬೆಂದು ಬೀಳುತ್ತಿದ್ದವು. ಸಂಗಮ್ಮನ ಮನೆಯ ನಡುಮನೆಯಲ್ಲಿ ಯಾರೋ ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತಿದ್ದರು. ಯಾರೋ ಮುದುಕಿ ಎಂದುಕೊಂಡು, "ಭುವಿ ಎಲ್ಲವ್ವ?" ಎಂದು ಕೇಳಿದೆ.

"ಇಲ್ಲೇ ಅದೀನಿ ಅಣ್ಣ," ಎಂದಿತು ಕಂಬಳಿ. ಗಂಡಸಿನಂಥ ದಪ್ಪ ದನಿ. ಮುಖ ನೀರು ತುಂಬಿದಂತೆ ಊದಿತ್ತು, ಕಣ್ಣು ಸಣ್ಣಗಾಗಿದ್ದವು, ಹುಬ್ಬಿನ ಅರ್ಧ ಕೂದಲು ಇರಲಿಲ್ಲ. ಒಂದು ಮಾತು ಮುಗಿಸಿ ಇನ್ನೊಂದು ಮಾತಿಗೆ ಬರುವಷ್ಟರಲ್ಲಿ ಅವಳು ಎಲ್ಲೋ ಹೋಗಿ ಬರುತ್ತಿದ್ದಳು. ಬಸ್ಸಿನಲ್ಲಿ ನಿದ್ದೆ ಹೋಗಿ ಇಳಿಯುವ ಜಾಗ ಮೀರುತ್ತಿದ್ದಳಂತೆ, ಒರೆಸುವ ಕೋಲು ಹಿಡಿದೇ ಮೂಲೆಯಲ್ಲಿ ಕುಸಿದು ಕೂರುತ್ತಿದ್ದಳಂತೆ. ಕಂತ್ರಾಟುದಾರ ಮನೆಗೆ ಕಳಿಸಿದ್ದ.

"ಗುಳಿಗಿ ಬಾಯಾಗ ಇಟ್ಕೊಂಡು ಆಮೇಲೆ ಉಗುಳ್ತಾಳ," ಎಂದಳು ಸಂಗಮ್ಮ. "ನನ್ನ ಮಾತು ಕೇಳಂಗಿಲ್ಲ."

"ಎಣ್ಣಿ ಇನ್ನೂ ಹಚ್ಚಾಕತ್ತೀನಿ," ಎಂದಳು ಭುವನೇಶ್ವರಿ, ನನಗೆ ಸಮಾಧಾನ ಹೇಳುವವಳಂತೆ.

ಅಲ್ಲಿಯೇ ಬಾಯಿ ಬಿಡಬಹುದಿತ್ತು. ಬದಲಿಗೆ ಗೋದಾಮಿನಿಂದ ತಂದಿದ್ದ ಚೌರಿಯೊಂದನ್ನು ಅವಳ ತಲೆಗೆ ಪಿನ್ನು ಹಾಕಿ ಸಿಕ್ಕಿಸಿ, ಕಾರು ಮಾಡಿಕೊಂಡು ಹೊಸಪೇಟೆಗೆ ಕರೆದೊಯ್ದೆ. ಸಂಗಮ್ಮ ಜತೆಗೆ ಬಂದಳು. ಹೊಸಪೇಟೆಯ ದೊಡ್ಡಾಸ್ಪತ್ರೆಗೆ ತೋರಿಸಿಕೊಂಡು ಬರೋಣ ಎಂದು ಅವಳಿಗೆ ಸುಳ್ಳು ಹೇಳಿದ್ದೆ.

ಮಾವನ ಶೆಡ್ಡಿನಲ್ಲಿ ಉಂಗುರದಂಥ ದೀಪ ಹಚ್ಚಿ ಭುವನೇಶ್ವರಿಯನ್ನು ಸ್ಟೂಲಿನ ಮೇಲೆ ಕೂರಿಸಿದರು. ದೀಪದ ಬೆಳಕು ಬೀಳುತ್ತಲೇ ಅವಳ ಕಣ್ಣು ಮುಚ್ಚಿದವು. ಕೂತಲ್ಲೇ ನಿದ್ದೆ. ಮಾವ ಅವಳ ಮುಖವನ್ನು ಹತ್ತಿರದಿಂದ ನೋಡಿ, ಸಂಗಮ್ಮನಿಂದ ರೋಗದ ಹೆಸರು ಕೇಳಿಕೊಂಡು, ನನ್ನ ರಟ್ಟೆ ಹಿಡಿದು ಡ್ರಮ್ಮುಗಳ ಹಿಂದೆ ಎಳೆದೊಯ್ದ.

"ಗುಳಿಗಿ ಬಿಡಿಸಿಯೇನಲೇ?"

"ಆಕೀನ ಬಿಟ್ಟಾಳ ಮಾವ."

"ನನಗಾ ಹೇಳ್ತಿಯಾ? ಆ ಮಾತು ನಿನಗ ಕಲಿಸಿದವ ಯಾರಲೇ?" ಎಂದು ಹಲ್ಲು ಕಡಿದ. "ಥೈರಾಯ್ಡ್ ಅಂದ್ರ ಚ್ಯಾಷ್ಟಿ ಅಲ್ಲ. ಸತ್ತುಗಿತ್ತಾಳು. ಸೀಸೆ ಮ್ಯಾಲಿನ ಹುಡುಗಿ ಸಾಯಬಾರದು, ಯಾಪಾರಕ್ಕ ಭಾಳ ಕೆಟ್ಟದು. ಹೆಂಗಾರ ಮಾಡಿ ಗುಳಿಗಿ ನುಂಗಿಸು. ಎಣ್ಣಿ ಹೆಸರು ಮಾತ್ರ ಕೆಡಬಾರದು ನೋಡು."

"ರೀಲ್ಸ್?"

ಮಾವ ಡ್ರಮ್ಮುಗಳ ಸಂದಿನಿಂದ ಸ್ಟೂಲಿನತ್ತ ಇಣುಕಿದ. "ತಿರುಗಿಸಿ ಕೂರಿಸು. ಮಾರಿ ಯಾರು ನೋಡ್ತಾರ."

ಹಾಗೇ ಮಾಡಿದೆವು. ನಿದ್ದೆಯಲ್ಲಿದ್ದವಳನ್ನು ಸ್ಟೂಲಿನ ಸಮೇತ ತಿರುಗಿಸಿ, ಬೀಳದಂತೆ ಮುಂದಿನಿಂದ ಹಿಡಿದುಕೊಳ್ಳಲು ಸಂಗಮ್ಮನಿಗೆ ಹೇಳಿ, ಯಾರದೋ ಚೌರಿಯನ್ನು ದೀಪಕ್ಕೆ ಹೊಳೆಸಿದೆವು. ದನಿಗೆ ಬೇರೆ ಹುಡುಗಿ ಇದ್ದಳು. ಸಂಗಮ್ಮ ಮಗಳ ಊದಿದ ಮುಖವನ್ನು ಎದೆಗೆ ಒತ್ತಿಕೊಂಡು ಕ್ಯಾಮರಾಕ್ಕೆ ಸಿಗದಂತೆ ಬಗ್ಗಿ ಕೂತಿದ್ದಳು. ದೊಡ್ಡಾಸ್ಪತ್ರೆ ಎಲ್ಲಿ ಎಂದು ಅವಳು ಕೇಳಲಿಲ್ಲ. ಅದೊಂದು ಕೇಳಿದ್ದರೆ ಬೈದು ಜಗಳವಾಡಿ ಹಗುರಾಗುತ್ತಿದ್ದೆ.

ಮರುದಿನ ಬೆಳಿಗ್ಗೆ ಚೋರನೂರಿಗೆ ಮೊಪೆಡ್ ಹತ್ತಿದೆ. ದಾರಿಯುದ್ದಕ್ಕೂ ಅದಿರಿನ ಲಾರಿಗಳ ಹಿಂದೆ ಕೆಂಪು ದೂಳು ಕುಡಿಯುತ್ತ ಒಂದು ಹೊಸ ಸುಳ್ಳನ್ನು ಹೆಣೆದೆ. ನಾನು ಹೆಣೆದ ಸುಳ್ಳುಗಳಲ್ಲೇ ಅತಿ ಒಳ್ಳೆಯದು ಅದು. ಗುಳಿಗೆಯೂ ಉಳಿಯುತ್ತಿತ್ತು, ಎಣ್ಣೆಯೂ ಉಳಿಯುತ್ತಿತ್ತು, ನಾನೂ ಉಳಿಯುತ್ತಿದ್ದೆ.

ನನ್ನ ಕೂಗು ಕೇಳಿ ಓಣಿಯ ಹೆಂಗಸರೆಲ್ಲ ಉಂಡೆ ಹಿಡಿದು ಸಂಗಮ್ಮನ ಅಂಗಳಕ್ಕೆ ಬಂದರು. ಅವರಲ್ಲಿ ಚಂದ್ರಕಲಾ ಮುಂದು. ಹೋದ ವರ್ಷ ಹಡೆದು, ನನ್ನ ಎಣ್ಣೆಯಿಂದ ಕೂದಲು ಮರಳಿ ಪಡೆದವಳು, ನನ್ನ ಪರವಾಗಿ ಊರಿನಲ್ಲಿ ಅರ್ಧ ವ್ಯಾಪಾರ ಮಾಡಿಕೊಟ್ಟವಳು. ಭುವನೇಶ್ವರಿ ಕಂಬಳಿ ಹೊದ್ದು ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. ಸಂಗಮ್ಮನ ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಗುಳಿಗೆ.

"ನೀನಾ ಹೇಳು ಯಲ್ಲೇಶ," ಎಂದಳು ಸಂಗಮ್ಮ. "ನಿನ್ನೆ ಇಳಿಹೊತ್ತಿಗೆ, ಹೊಸಪೇಟಿಯಿಂದ ಬರೋವಾಗ, ಮತ್ತ ಸಂಡೂರಾಗ ತೋರಿಸಿದ್ದೆ. ಹಿಂಗಾ ಬಿಟ್ರ ಒಂದಿನ ಎಚ್ಚರ ತಪ್ಪಿ ಮಲಗಿದಾಕಿ ಏಳಂಗಿಲ್ಲ ಅಂತ ಡಾಕ್ಟರಮ್ಮ ಅಂದಾಳ. ಈಕಿ ಆಕಿ ಮಾತು ನಂಬಂಗಿಲ್ಲ, ನನ್ನ ಮಾತು ನಂಬಂಗಿಲ್ಲ. ಊರಾಗ ಎಲ್ಲಾರ ಕೂದ್ಲೂ ಬಂದಾವ, ನಂದು ಒಂದಾ ಬರಂಗಿಲ್ಲೇನು, ಗುಳಿಗಿ ವಿಷ ಇನ್ನೂ ಮೈಯಾಗ ಐತಿ, ಅದಕ್ಕಾ ತಡ ಅಂತಾಳ. ನೀ ಹೇಳಿದ್ರ ಕೇಳ್ತಾಳ."

ಗಂಟಲು ಸರಿಮಾಡಿಕೊಂಡೆ. "ನೋಡು ತಂಗಿ, ನಮ್ಮ ಮಾವ ಹೊಸಾ ಎಣ್ಣಿ ತೆಗದಾನ. ಅರವತ್ತೈದನೇ ಮೂಲಿಕಿ ಸೇರಿಸ್ಯಾನ. ಈ ಎಣ್ಣಿಗೆ ಗುಳಿಗಿ ಬೇಕಾ ಬೇಕು. ಗುಳಿಗಿ ಒಳಗಿಂದ ದಬ್ಬತೈತಿ, ಎಣ್ಣಿ ಹೊರಗಿಂದ ಜಗ್ಗತೈತಿ. ಎರಡೂ ಗಂಡ ಹೆಂಡ್ತಿ ಇದ್ದಂಗ. ಇವತ್ತಿಂದ ಗುಳಿಗಿ ಬಿಟ್ರ ಎಣ್ಣಿ ಹಚ್ಚಬ್ಯಾಡ."

ಹೆಂಗಸರು ತಲೆದೂಗಿದರು. ಚಂದ್ರಕಲಾ, "ನಮಗೂ ಎರಡು ಹೊಸಾ ಸೀಸೆ ಇಡು ಯಲ್ಲೇಶಣ್ಣ," ಎಂದಳು.

ಭುವನೇಶ್ವರಿಯ ಕಣ್ಣು ಮುಚ್ಚಿದ್ದವು. ನಿದ್ದೆ ಹೋದಳೆಂದುಕೊಂಡೆ. ಆಮೇಲೆ ಆ ದಪ್ಪ ದನಿ, ಒಂದೊಂದೇ ಪದವನ್ನು ಬಾವಿಯಿಂದ ಸೇದಿದ ಹಾಗೆ, ಬಂತು.

"ಅಣ್ಣ. ಅವತ್ತು ಎರಡೂ ಜಗಳಾಡ್ತಾವ ಅಂದಿ. ಇವತ್ತು ಗಂಡ ಹೆಂಡ್ತಿ ಅಂತಿ. ಯಾವತ್ತು ಸುಳ್ಳು ಹೇಳಿದಿ?"

"ಗಂಡ ಹೆಂಡ್ತಿ ಜಗಳಾಡಂಗಿಲ್ಲೇನವ್ವ?" ಎಂದೆ.

ಅಂಗಳವೆಲ್ಲ ನಕ್ಕಿತು. ಅವಳು ನಗಲಿಲ್ಲ. ಸಣ್ಣಗಾದ ಆ ಎರಡು ಕಣ್ಣು ನನ್ನ ಮೇಲೆಯೇ ಇದ್ದವು. ಅವುಗಳಲ್ಲಿ ಸಿಟ್ಟಿದ್ದಿದ್ದರೆ ಇನ್ನೂ ಒಂದು ಮಾತು ಹೊಸೆಯುತ್ತಿದ್ದೆ. ಅವಳು ಬರೇ ತಿಳಿದುಕೊಳ್ಳಬೇಕೆಂದು ಕೇಳುತ್ತಿದ್ದಳು. ನಾನು ಯಾವುದು ಹೇಳಿದರೂ ಅದರಂತೆ ಮಾಡುವವಳಿದ್ದಳು.

"ಎರಡೂ ಸಲ," ಎಂದೆ.

ನಗೆ ನಿಂತಿತು.

"ಎಣ್ಣಿಯೊಳಗ ಏನೂ ಇಲ್ಲ. ಡ್ರಮ್ಮಿನಾಗ ಬರೋದು ಪ್ಯಾರಾಫಿನ್ ಎಣ್ಣಿ. ಹಸಿರು ಬಣ್ಣ, ಸ್ವಲ್ಪ ಸೆಂಟು. ಕರಿಬೇವಿನ ಎಲಿ ಸುದ್ದಾ ಹಾಕಂಗಿಲ್ಲ."

"ಮತ್ತ ನನ್ನ ಕೂದ್ಲು ಬಂತಲ್ಲೋ?" ಎಂದಳು ಚಂದ್ರಕಲಾ.

"ಹಡದ ಮ್ಯಾಲ ಉದುರ್ತಾವ, ಮತ್ತ ತಾವಾ ಬರ್ತಾವ. ದೊಡ್ಡ ಜ್ವರ ಬಂದ್ರೂ ಹಂಗಾ. ನಿನಗ ನೀರು ಹಚ್ಕೋ ಅಂದಿದ್ರೂ ಬರ್ತಿದ್ವು. ಅದಕ್ಕಾ ಮೊದ್ಲು ಹೆರಿಗಿ ಕೇಳ್ತಿದ್ದೆ, ಜ್ವರ ಕೇಳ್ತಿದ್ದೆ. ತಾನಾಗೇ ಬರೋ ತಲಿಗೆ ಅಷ್ಟಾ ಮಾರ್ತಿದ್ದೆ. ಬಾರದ ತಲಿಗೆ ಮಾರಿದ್ರ ಹೆಸರು ಕೆಡ್ತಿತ್ತು."

ಚಂದ್ರಕಲಾ ತನ್ನ ಮುಡಿ ಮುಟ್ಟಿ ನೋಡಿಕೊಂಡಳು. "ಸುಳ್ಳು ಹೇಳಾಕತ್ತಾನ," ಎಂದಳು ಉಳಿದವರತ್ತ ತಿರುಗಿ. "ಹೊಸಾ ಎಣ್ಣಿ ಎಲ್ಲಾ ಹೊಸಪೇಟಿ ಮಂದಿಗೆ ಮಾರಾಕ, ನಮಗ ಇಲ್ಲ ಅನ್ನಾಕ ಹಿಂಗ ಅಂತಾನ." ಒಂದಿಬ್ಬರು ಹೌದೆಂದರು. ಒಬ್ಬಳು ನನ್ನ ಬಲಚೀಲಕ್ಕೆ ಕೈಹಾಕಿ ಸೀಸೆ ಹುಡುಕತೊಡಗಿದಳು. ಬದುಕಿನುದ್ದಕ್ಕೂ ನಾನು ಹೇಳಿದ ಬಂಡೆಯಷ್ಟು ಸುಳ್ಳನ್ನೂ ನಂಬಿದವರು ಈಗ ಸಾಸಿವೆಯಷ್ಟು ನಿಜವನ್ನು ನಂಬಲು ಒಲ್ಲರು. ಅವರದೇನು ತಪ್ಪು?

ಭುವನೇಶ್ವರಿಗೆ ಮಾತ್ರ ಹೇಳಿದೆ, ಮೆಲ್ಲಗೆ, ಕಟ್ಟೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು. "ನನ್ನ ಹೆಂಡ್ತಿ ಹಡದಾಗ ಆಕಿ ಕೂದ್ಲೂ ಹಿಂಗಾ ಉದುರಿದ್ವು. ಆಕಿಗೆ ಈ ಎಣ್ಣಿ ಒಂದು ಹನಿ ಕೊಟ್ಟಿಲ್ಲ. ಸುಮ್ಮನಿರು, ಬರ್ತಾವ ಅಂದೆ. ಬಂದ್ವು. ಅದನ್ನ ನೋಡೇ ಯಾಪಾರ ಕಲಿತೆ. ನಿನ್ನ ಜಡಿ ನಾ ಬೆಳೆಸಿದ್ದಲ್ಲ ತಂಗಿ. ಫೋಟೊ ಹೊಡೆಸಿದ ಮ್ಯಾಲ ನಿನಗ ಮೊದಲನೇ ಸೀಸೆ ಕೊಟ್ಟೆ. ನಿಂದು ಹಡದ ತಲಿ ಅಲ್ಲ, ಜ್ವರದ ತಲಿ ಅಲ್ಲ. ಎಣ್ಣಿಗೆ ನಿಲ್ಲಂಗಿಲ್ಲ. ಅದು ನನಗ ಅವತ್ತಾ ಗೊತ್ತಿತ್ತು, ಬೇರು ನೋಡಿದಾಗ."

ಅವಳು ಕಂಬಳಿಯೊಳಗಿಂದ ಕೈ ಚಾಚಿ ತಾಯಿಯ ಅಂಗೈಯಿಂದ ಗುಳಿಗೆ ತೆಗೆದುಕೊಂಡಳು. ಬಾಯಿಗೆ ಹಾಕಿಕೊಳ್ಳಲಿಲ್ಲ. ಊದಿದ ಬೆರಳುಗಳ ನಡುವೆ ಹಿಡಿದು ನೋಡುತ್ತ ಕೂತಳು.

"ಗೊತ್ತಿದ್ರ, ಇದನ್ನ ಯಾಕ ಬಿಡಿಸಿದಿ?"

ಬಾಯಿಯಲ್ಲಿ ಇನ್ನೂ ಏನೇನೋ ನೆಪಗಳಿದ್ದವು. ಮಾವನ ಹೆಸರಿತ್ತು, ಅಭ್ಯಾಸಬಲ ಎಂಬ ಮಾತಿತ್ತು. ಅದನ್ನು ಮೇಲೆ ನಿಮಗೂ ಬರೆದು ದಾಟಿಸಿದ್ದೇನೆ. ಅಭ್ಯಾಸಬಲ ಅಲ್ಲ ಅದು. ಆ ಹೊತ್ತು, ಆ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡು, ಲೆಕ್ಕ ಹಾಕಿಯೇ ಹೇಳಿದ್ದೆ.

"ಗುಳಿಗಿಯಿಂದ ಕೂದ್ಲು ನಿಂತಿದ್ರ," ಎಂದೆ, "ಗೇಟಿನಾಗ ನೀನು ಗುಳಿಗಿ ಹೆಸರು ಹೇಳ್ತಿದ್ದಿ, ಎಣ್ಣಿದಲ್ಲ."

"ಇಷ್ಟಕ್ಕಾ?"

"ಇಷ್ಟಕ್ಕಾ."